ಅರವತ್ತೈದು ಲಕ್ಷದ ಸಂಬಳ

‘ಕೆಲಸ ಬಿಟ್ಟುಬಿಡಮ್ಮ. ಬಂದಿರೋ ದುಡ್ಡನ್ನ ಬ್ಯಾಂಕಲ್ಲಿಟ್ಟು ಬಡ್ಡೀಲಿ ಸಂಸಾರ ತೂಗಿಸು. ಮಕ್ಕಳ ಜೊತೆ ಮನೇಲಿ ನೆಮ್ಮದಿಯಾಗಿರು.’

ನಮ್ಮನೆಯವರು ಹೃದಯಾಘಾತದಿಂದ ತೀರಿಕೊಂಡು, ತಿಥಿ ಮುಗಿದ ವಾರದಲ್ಲೇ ಭಾವನವರು ಹೇಳಿದ ಮಾತಿದು. ಕಾಳಜಿಯಿಂದಲೇ ಹೇಳಿದ್ದು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳದಿದ್ದ ನನಗೆ ‘ಹೂಂ’ ಅಂದುಬಿಡುವುದೇ ಸುಲಭವಾಗಿತ್ತು. ಆದರೆ ನಾನು ಲೆಕ್ಕಪತ್ರ ವಿಭಾಗದಲ್ಲಿ ಸವೆದವಳು. ಮಕ್ಕಳು ಮಲಗಿದ ಮೇಲೆ ಮಗಳ ರಫ್ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಲೆಕ್ಕ ಹಾಕಿದೆ.

ವಿಮೆ, ಪಿಎಫ್, ಉಳಿತಾಯ ಎಲ್ಲ ಸೇರಿ ಸುಮಾರು 40 ಲಕ್ಷ. ಶೇ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 2.80 ಲಕ್ಷ, ತಿಂಗಳಿಗೆ 23 ಸಾವಿರ ಚಿಲ್ಲರೆ. ನನ್ನ ಸಂಬಳ 38 ಸಾವಿರ. ಅಷ್ಟನ್ನು ಬಡ್ಡಿಯಿಂದಲೇ ಪಡೆಯಬೇಕಾದರೆ 65 ಲಕ್ಷದ ಠೇವಣಿ ಬೇಕು. ಬಡ್ಡಿ ಇದ್ದಲ್ಲೇ ಇರುತ್ತದೆ. ಬೆಲೆ ಏರಿಕೆ ವರ್ಷಕ್ಕೆ ಶೇ 6 ಇದ್ದರೆ ಹನ್ನೆರಡು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಸಂಬಳವಾದರೆ ಅಷ್ಟೋ ಇಷ್ಟೋ ಏರುತ್ತದೆ. ಅಂದರೆ ನಮ್ಮ ಮನೆಯ ಅತಿ ದೊಡ್ಡ ಆಸ್ತಿ ಬ್ಯಾಂಕಿನಲ್ಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿ ಹಿಡಿದು ಬಸ್ಸು ಹತ್ತುತ್ತದೆ.

ಕೆಲಸದಲ್ಲಿದ್ದರೆ ಪಿಂಚಣಿ ಕೊಡುವುದಿಲ್ಲವಂತೆ ಎಂಬ ಗಾಳಿಮಾತೂ ಮನೆಯಲ್ಲಿ ಸುತ್ತಾಡುತ್ತಿತ್ತು. ಹಾಗೇನಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ (ಇಪಿಎಸ್) ಗಂಡ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಬರುತ್ತದೆ. ಅವಳು ದುಡಿಯುತ್ತಿದ್ದಾಳೆ ಎಂದು ಅದು ನಿಲ್ಲದು. ಇಬ್ಬರು ಮಕ್ಕಳಿಗೆ, ತಲಾ ಆ ಪಿಂಚಣಿಯ ಶೇ 25ರಷ್ಟು, 25 ವರ್ಷ ತುಂಬುವವರೆಗೆ ಪ್ರತ್ಯೇಕವಾಗಿ ಸಿಗುತ್ತದೆ. ನೌಕರ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಇಡಿಎಲ್‌ಐ ಎಂಬ ವಿಮೆಯೂ ಇದೆ. ಅದರ ಗರಿಷ್ಠ ಮೊತ್ತ 7 ಲಕ್ಷ. ನೌಕರ ಅದಕ್ಕೆ ನಯಾಪೈಸೆ ಕಟ್ಟಿರುವುದಿಲ್ಲ, ಕಂತು ಮಾಲೀಕರದು. ಸಂಬಳದ ಚೀಟಿಯಲ್ಲಿ ಕಡಿತ ಕಾಣದ ಕಾರಣ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ. ಪಿಎಫ್‌ಗೆ ಫಾರ್ಮ್ 20, ಪಿಂಚಣಿಗೆ 10-ಡಿ, ಈ ವಿಮೆಗೆ 5-ಐಎಫ್: ಮೂರನ್ನೂ ಕೇಳಿ ಪಡೆಯಬೇಕು.

ಇನ್ನು ಅತ್ತೆಯ ವಿಷಯ. ನಮ್ಮನೆಯವರು ಮದುವೆಗೆ ಮುಂಚೆ ಇಟ್ಟಿದ್ದ ಒಂದು ಠೇವಣಿಗೆ ಅತ್ತೆಯೇ ನಾಮಿನಿ. ‘ಪೂರ್ತಿ ಅವರದೇ’ ಅಂದರು ಕೆಲವರು, ‘ಹೆಂಡತಿಯದು’ ಅಂದರು ಇನ್ನು ಕೆಲವರು. ಎರಡೂ ಅಲ್ಲ. ಬ್ಯಾಂಕ್ ಠೇವಣಿಯಲ್ಲಿ ನಾಮಿನಿ ವಾರಸುದಾರರ ಪರವಾಗಿ ಹಣ ಪಡೆಯುವವರು ಮಾತ್ರ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ನಮ್ಮಲ್ಲಿ ನಾಲ್ಕು ಪಾಲು. ‘ನಂಗ್ಯಾಕವ್ವ ದುಡ್ಡು, ಮಗನೇ ಇಲ್ಲ’ ಅಂದರು ಅತ್ತೆ. ಆದರೂ ಅವರ ಪಾಲನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಅವರ ಹೆಸರಲ್ಲೇ ಹಾಕಿಸಿದೆ. ನಾವು ಹಾಕಿದಾಗ ಬಡ್ಡಿ ಶೇ 8.2, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಈಗ ತಮ್ಮ ಮಾತ್ರೆಗೆ, ಮೊಮ್ಮಕ್ಕಳ ಚಕ್ಕುಲಿ, ಕೋಡುಬಳೆಗೆ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಶಾಲೆಯಿಂದ ಬಂದ ಮಕ್ಕಳಿಗೆ ಬಾಗಿಲು ತೆರೆಯುವವರು ಅವರೇ. ಅವರಿಲ್ಲದಿದ್ದರೆ ನನ್ನ ಸಂಬಳವೂ ಇಲ್ಲ.

ಆ ಸಂಬಳ ನಿಂತಿರುವುದು ನನ್ನ ಮೈಮೇಲೆ. ಅದರ ಸ್ಥಿತಿ ಗೊತ್ತಾದದ್ದು ಆಫೀಸಿನ ತಪಾಸಣೆಯಲ್ಲಿ: ಮೂರು ತಿಂಗಳ ಸರಾಸರಿ ಸಕ್ಕರೆ 6.1. ಮಧುಮೇಹದ ಹೊಸ್ತಿಲು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಅಂದರು ಡಾಕ್ಟರು. ಯಾವಾಗ ನಡೆಯುವುದು? ಬೆಳಗಿನ ತಿಂಡಿ, ಡಬ್ಬಿಗೆ ಅಡುಗೆಯವರನ್ನು ಗೊತ್ತುಮಾಡಿದೆ. ತಿಂಗಳಿಗೆ ಮೂರು ಸಾವಿರ. ‘ಗಂಡ ಹೋದ ಮೇಲೆ ಅಡುಗೆಯವಳು, ವಾಕಿಂಗು, ಬೂಟು’ ಎಂಬ ಪಿಸುಮಾತು ಕಿವಿಗೆ ಬಿದ್ದೇ ಬಿತ್ತು. 65 ಲಕ್ಷದ ಆಸ್ತಿಯ ನಿರ್ವಹಣೆಗೆ ಮೂರು ಸಾವಿರ ದುಬಾರಿಯೇ? ಮನೆ ಬಜೆಟ್ಟಿನಲ್ಲಿ ಈ ಖರ್ಚನ್ನು ಈಗ ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಹಾಲು, ಅಕ್ಕಿಗಿಂತ ಮೇಲೆ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೊದಮೊದಲು ಒಬ್ಬಳೇ, ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ. ಕಣ್ಣೀರು ಬಂದರೆ ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಒಂದು ದಿನ ಅಲ್ಲಿಗೆ ಬರುವ ಹಿರಿಯರೊಬ್ಬರು ಪಕ್ಕಕ್ಕೆ ಬಂದು, ಮರದ ಮೇಲಿದ್ದ ಹೆಜ್ಜಾರ್ಲೆ ತೋರಿಸಿ, ಅದರ ಗೂಡಿನ ಬಗ್ಗೆ ಏನೋ ಹೇಳುತ್ತಾ ಒಂದು ಸುತ್ತು ಜೊತೆಗೆ ಬಂದರು. ಕೊನೆಗೆ ಕೇಳಿದ್ದು ಇಷ್ಟೇ: ‘ನಾಳೆ ಬರ್ತೀರಲ್ವಾ?’ ದುಃಖ ಕಡಿಮೆಯಾಯಿತೆಂದು ಹೇಳಲಾರೆ. ರಾತ್ರಿ ನಿದ್ದೆ ಬರತೊಡಗಿತು. ಆಫೀಸಿನಲ್ಲಿ ಅಂಕಿಗಳು ಮತ್ತೆ ತಾಳೆಯಾಗತೊಡಗಿದವು.

ಉಳಿದದ್ದು ವಿಮೆ. ಇದ್ದ ಪಾಲಿಸಿಗಳೆಲ್ಲ ನಮ್ಮನೆಯವರ ಹೆಸರಿನವು. ‘ಗಂಡಸು ದುಡಿಯೋನು’ ಎಂಬ ಲೆಕ್ಕ. ಈಗ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ನನ್ನ ಮೇಲೆ ವಿಮೆಯೇ ಇರಲಿಲ್ಲ. ಮೊದಲು ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಅಪಘಾತ ವಿಮೆ ಸುರಕ್ಷಾ ತೆಗೆದುಕೊಂಡೆ. ಒಂದೊಂದಕ್ಕೂ 2 ಲಕ್ಷ. ಮೊದಲನೆಯದಕ್ಕೆ 50 ವರ್ಷದೊಳಗೆ ಸೇರಿಕೊಳ್ಳಬೇಕು. ಆಮೇಲೆ ದೊಡ್ಡ ಮೊತ್ತದ ಟರ್ಮ್ ಪಾಲಿಸಿ. ಮಕ್ಕಳಿಗೆ 18 ತುಂಬಿಲ್ಲವಾದ್ದರಿಂದ ಅವರನ್ನು ನಾಮಿನಿ ಮಾಡಿದರೆ ಹಣ ಪಡೆಯಲು ದೊಡ್ಡವರೊಬ್ಬರ ಹೆಸರನ್ನೂ ಕೊಡಬೇಕು. ತಂಗಿಯ ಹೆಸರು ಬರೆಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗಳ ಕಂತಿಗೆ ಜಿಎಸ್‌ಟಿ ಇಲ್ಲ. ಟರ್ಮ್ ಪಾಲಿಸಿಗೆ ಮುಂಚೆ ಶೇ 18 ಇತ್ತು.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರಿಗೆ ನನ್ನದೊಂದು ಸಲಹೆ. ಹೆಂಡತಿಯ ತಿಂಗಳ ಸಂಬಳವನ್ನು 171ರಿಂದ ಗುಣಿಸಿ. ಶೇ 7ರ ಬಡ್ಡಿಯಲ್ಲಿ ಅವಳ ಸಂಬಳಕ್ಕೆ ಸಾಟಿಯಾದ ಠೇವಣಿ ಅದು. ಆ ಮೊತ್ತಕ್ಕೆ ವಿಮೆ ಇದೆಯೇ, ಆ ಸಂಬಳ ದುಡಿಯುವವಳಿಗೆ ದಿನಕ್ಕೆ ಅರ್ಧ ಗಂಟೆ ಕಾಲಾಡಿಸಲು ಬಿಡುವಿದೆಯೇ? ಎರಡಕ್ಕೂ ‘ಹೌದು’ ಎನ್ನಲಾಗದಿದ್ದರೆ ಮುಂದಿನ ತಿಂಗಳ ಬಜೆಟ್ಟನ್ನು ಅಲ್ಲಿಂದಲೇ ಶುರುಮಾಡಿ.