ಕೋರ್ಟು ಸೊಸೈಟಿಯ ಪರ ತೀರ್ಪು ಕೊಟ್ಟಿತು. ತೆರಿಗೆ ಇಲಾಖೆ ಮುಂದೇನು ಮಾಡುತ್ತದೆ?

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಿದರೆ, ದೇಶದ ತೆರಿಗೆ ವಕೀಲರೆಲ್ಲ ಹೆಸರು ಬಲ್ಲ ಒಂದು ಸಹಕಾರಿ ಸಂಸ್ಥೆಯ ಊರು ಸಿಗುತ್ತದೆ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಮ್ಮ ಜನರ ಬಾಯಲ್ಲಿ ಟಿಎಸ್‌ಎಸ್. ಅಡಿಕೆ ಬೆಳೆಗಾರರ ಈ ಸಂಘಕ್ಕೂ ಆದಾಯ ತೆರಿಗೆ ಇಲಾಖೆಗೂ ನಡೆದ ವ್ಯಾಜ್ಯದಲ್ಲಿ ಸಂಘದ ವಿರುದ್ಧ ಬಂದ ತೀರ್ಪನ್ನು ಇಂದಿಗೂ ಕೇರಳದಿಂದ ಗುಜರಾತಿನವರೆಗಿನ ಸೊಸೈಟಿಗಳ ನೋಟಿಸುಗಳಲ್ಲಿ ಇಲಾಖೆ ಉಲ್ಲೇಖಿಸುತ್ತದೆ. ಘಟ್ಟದ ಕೆಳಗಿನ ಕುಮಟಾ, ಹೊನ್ನಾವರ, ಭಟ್ಕಳದ ಸಣ್ಣ ಸೇವಾ ಸಹಕಾರಿ ಸಂಘಗಳಿಗೂ ಅದೇ ಕಾಗದ ಬರುತ್ತದೆ. ಆಗ ಆಡಳಿತ ಮಂಡಳಿಯಲ್ಲಿ ಏಳುವ ಪ್ರಶ್ನೆ ಒಂದೇ: "ಸುಪ್ರೀಂ ಕೋರ್ಟೇ ಆಮೇಲೆ ನಮ್ಮಂಥವರ ಪರ ಹೇಳಿದೆಯಲ್ಲ, ಮತ್ಯಾಕೆ ಈ ನೋಟಿಸು?"

ತೀರ್ಪು ತಾನಾಗಿ ಯಾರ ಲೆಕ್ಕಕ್ಕೂ ಜಮೆಯಾಗುವುದಿಲ್ಲ, ಅದಕ್ಕೇ ನೋಟಿಸು. ಇಲಾಖೆ ತೀರ್ಪನ್ನು ಓದುವಾಗ ಮೊದಲು ಹುಡುಕುವುದು ಅದರಲ್ಲಿನ ಸಂಗತಿಗಳಿಗೂ ನಿಮ್ಮ ಸಂಗತಿಗಳಿಗೂ ಇರುವ ವ್ಯತ್ಯಾಸವನ್ನು. ವ್ಯತ್ಯಾಸವಿಲ್ಲ ಎಂದು ತೋರಿಸುವ ಹೊಣೆ ಸೊಸೈಟಿಯದು. ಅದನ್ನು ಹೇಗೆ ತೋರಿಸಬೇಕು, ಗೆದ್ದ ಮೇಲೆ ಹಣ ಹೇಗೆ ವಸೂಲು ಮಾಡಬೇಕು ಎಂಬುದನ್ನು ಕಾರ್ಯದರ್ಶಿಗಳಿಗೆ, ನಿರ್ದೇಶಕರಿಗೆ ಅನುಕೂಲವಾಗುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ತೀರ್ಪುಗಳ ಜಾಡು

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಪಿ ಸಹಕಾರಿ ಸಂಘಗಳಿಗೆ ಕಡಿತ ಕೊಡುತ್ತದೆ. ಸದಸ್ಯರಿಗೆ ಸಾಲ ಕೊಟ್ಟು ಬಂದ ಲಾಭಕ್ಕೆ 80ಪಿ(2)(ಎ)(1), ಇನ್ನೊಂದು ಸಹಕಾರಿ ಸಂಘದಲ್ಲಿಟ್ಟ ಹಣದ ಬಡ್ಡಿಗೆ 80ಪಿ(2)(ಡಿ). 2006ರ ಹಣಕಾಸು ಕಾಯ್ದೆ 80ಪಿ(4) ಎಂಬ ಉಪಸೆಕ್ಷನ್ ಸೇರಿಸಿ, ಸಹಕಾರಿ ಬ್ಯಾಂಕುಗಳಿಗೆ ಈ ಸೌಲಭ್ಯವಿಲ್ಲ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಉಂಟು ಎಂದಿತು. ಅಂದಿನಿಂದ ಇಲಾಖೆ ಸಾಲ ಕೊಡುವ ಸೊಸೈಟಿಗಳನ್ನೆಲ್ಲ "ನೀವು ಬ್ಯಾಂಕೇ" ಎಂದು ಕೇಳತೊಡಗಿತು.

ಟಿಎಸ್‌ಎಸ್ ಪ್ರಕರಣದಲ್ಲಿ 2010ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಸಂಘದ ವಿರುದ್ಧ ತೀರ್ಪು ಕೊಟ್ಟಿತು. ಸದಸ್ಯರ ಉತ್ಪನ್ನ ಮಾರಿದ ಹಣ ಅವರಿಗೆ ಕೊಡುವ ಮುನ್ನ ಸಂಘದಲ್ಲಿ ಉಳಿದಿತ್ತು, ಅದನ್ನು ಠೇವಣಿ ಮತ್ತು ಸರ್ಕಾರಿ ಪತ್ರಗಳಲ್ಲಿ ಇಟ್ಟಾಗ ಬಂದ ಬಡ್ಡಿ ವ್ಯವಹಾರದ ಲಾಭವಲ್ಲ, 'ಇತರ ಮೂಲದ ಆದಾಯ' ಎಂದಿತು. 2014ರಲ್ಲಿ ತುಮಕೂರು ಮರ್ಚಂಟ್ಸ್ ಸೌಹಾರ್ದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಬೇರೆ ದಾರಿ ಹಿಡಿಯಿತು: ಟಿಎಸ್‌ಎಸ್‌ನಲ್ಲಿ ಠೇವಣಿಯಾದದ್ದು ಸದಸ್ಯರಿಗೆ ಕೊಡಬೇಕಾದ ಬಾಕಿ, ಇಲ್ಲಿ ಠೇವಣಿಯಾದದ್ದು ಸಾಲಕ್ಕೆ ತಕ್ಷಣ ಬೇಕಿಲ್ಲದ ಸಂಘದ ಸ್ವಂತ ಹಣ. ಆದ್ದರಿಂದ ಬಡ್ಡಿ ಸಾಲ ವ್ಯವಹಾರಕ್ಕೇ ಸೇರಿದ್ದು, ಕಡಿತ ಸಲ್ಲುತ್ತದೆ.

2017ರಲ್ಲಿ ಟಿಎಸ್‌ಎಸ್‌ನದೇ ನಂತರದ ವರ್ಷಗಳ ವಿಷಯ ಹೈಕೋರ್ಟಿಗೆ ಹೋಯಿತು. ಸಹಕಾರಿ ಬ್ಯಾಂಕಿನ ಠೇವಣಿ ಬಡ್ಡಿಗೆ 80ಪಿ(2)(ಡಿ) ಕಡಿತ ಸಿಗುತ್ತದೆ ಎಂದು ಜನವರಿಯಲ್ಲಿ ಒಂದು ಪೀಠ, ಸಿಗುವುದಿಲ್ಲ ಎಂದು ಜೂನಿನಲ್ಲಿ ಇನ್ನೊಂದು ಪೀಠ. ಒಂದೇ ಸಂಘ, ಒಂದೇ ಹೈಕೋರ್ಟು, ಆರು ತಿಂಗಳೊಳಗೆ ಎರಡು ಉತ್ತರ. ಅಧಿಕಾರಿ ಜೂನಿನದನ್ನು ಉಲ್ಲೇಖಿಸುತ್ತಾರೆ, ಆಡಿಟರ್ ಜನವರಿಯದನ್ನು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾದ ಕೆಡಿಸಿಸಿಯಲ್ಲಿ ಠೇವಣಿಯಿಟ್ಟ ನಮ್ಮ ಜಿಲ್ಲೆಯ ಎಷ್ಟೋ ಸೊಸೈಟಿಗಳು ಈ ಎರಡರ ನಡುವೆ ಸಿಕ್ಕಿಕೊಂಡಿವೆ.

ಸಾಲ ವ್ಯವಹಾರದ ಮೂಲ ಪ್ರಶ್ನೆಗೆ ಸುಪ್ರೀಂ ಕೋರ್ಟಿನಿಂದ ಉತ್ತರ ಬಂದದ್ದು 2021ರ ಜನವರಿ 12ರಂದು, ಕಣ್ಣೂರಿನ ಮಾವಿಲಾಯಿ ಸರ್ವಿಸ್ ಕೋ-ಆಪರೇಟಿವ್ ಬ್ಯಾಂಕ್ ಪ್ರಕರಣದಲ್ಲಿ. ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಂಘ 80ಪಿ(4)ರ ಬಲೆಗೆ ಬೀಳುವುದಿಲ್ಲ, ನಾಮಮಾತ್ರ ಸದಸ್ಯರು ಸದಸ್ಯರೇ ಎಂಬುದನ್ನು ರಾಜ್ಯದ ಸಹಕಾರ ಕಾಯ್ದೆ ನೋಡಿ ತೀರ್ಮಾನಿಸಬೇಕು, ಸದಸ್ಯರಲ್ಲದವರಿಗೆ ಕೊಟ್ಟ ಸಾಲದ ಲಾಭಕ್ಕಷ್ಟೇ ಕಡಿತ ಸಿಗುವುದಿಲ್ಲ, ಅದಕ್ಕಾಗಿ ಇಡೀ ಕಡಿತ ತಪ್ಪಿಸುವಂತಿಲ್ಲ ಎಂದಿತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಬರೆದ ತೀರ್ಪು. ಸೌಹಾರ್ದ ಸಹಕಾರಿಗಳೂ 80ಪಿಗೆ ಸಹಕಾರಿ ಸಂಘಗಳೇ ಎಂದು 2020ರಲ್ಲಿ ಸ್ವಾಭಿಮಾನಿ ಸೌಹಾರ್ದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಹೇಳಿತ್ತು.

ಹೆಜ್ಜೆ 1: ಆದೇಶ ಎಂದು ಬಂತು, ಯಾವುದಕ್ಕೆ ಬಂತು

ಈಗ ನೋಟಿಸು ಅಂಚೆಯಣ್ಣನ ಕೈಯಲ್ಲಿ ಬರುವುದಿಲ್ಲ. ಇ-ಫೈಲಿಂಗ್ ಪೋರ್ಟಲಿಗೆ, ನೋಂದಾಯಿಸಿದ ಇಮೇಲಿಗೆ ಬರುತ್ತದೆ. ಆ ಇಮೇಲ್ ಹಿಂದಿನ ಕಾರ್ಯದರ್ಶಿಯದೋ ಬಿಟ್ಟುಹೋದ ಆಡಿಟರದೋ ಆಗಿದ್ದರೆ ಇಂದೇ ಬದಲಿಸಿ. ಮೊದಲ ಮೇಲ್ಮನವಿಗೆ ಇರುವುದು 30 ದಿನ.

ಆದೇಶ ಓದುವಾಗ ಸೇರಿಸಿದ ಮೊತ್ತವನ್ನು ತುಂಡು ಮಾಡಿ ನೋಡಿ. ಸಾಲ ವ್ಯವಹಾರದ ಲಾಭ ಎಷ್ಟು, ಕೆಡಿಸಿಸಿ ಬ್ಯಾಂಕಿನ ಬಡ್ಡಿ ಎಷ್ಟು, ರಾಷ್ಟ್ರೀಕೃತ ಬ್ಯಾಂಕಿನ ಬಡ್ಡಿ ಎಷ್ಟು, ರಿಟರ್ನ್ ತಡವಾಯಿತೆಂದು ಕಡಿತ ತಪ್ಪಿಸಿದ್ದು ಎಷ್ಟು. ಒಂದೊಂದಕ್ಕೂ ಬೇರೆ ತೀರ್ಪು, ಬೇರೆ ಪರಿಹಾರ. "ಮಾವಿಲಾಯಿ ತೀರ್ಪು ನೋಡಿ" ಎಂದು ಒಂದೇ ಸಾಲಿನಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟರೆ ಸೋಲುತ್ತೀರಿ.

ಹೆಜ್ಜೆ 2: ಸಂಗತಿಗಳ ಕಡತ

ನನ್ನ ಮಟ್ಟಿಗೆ ಇಡೀ ಹೋರಾಟದ ಜೀವ ಇಲ್ಲಿದೆ. ಕತಗಾಲದಂಥ ಊರಿನ ಸೊಸೈಟಿ ಬೆಳೆಸಾಲ ಕೊಡುತ್ತದೆ, ಗೊಬ್ಬರ ಮಾರುತ್ತದೆ, ರೇಷನ್ ಹಂಚುತ್ತದೆ, ಠೇವಣಿ ತೆಗೆದುಕೊಳ್ಳುತ್ತದೆ. ಎಲ್ಲವೂ ಒಂದೇ ಲಾಭ-ನಷ್ಟ ಪಟ್ಟಿಯಲ್ಲಿ ಬೆರೆತಿದ್ದರೆ ಯಾವ ತೀರ್ಪು ಯಾವ ರೂಪಾಯಿಗೆ ಸಲ್ಲುತ್ತದೆಂದು ಯಾರಿಗೂ ತೋರಿಸಲಾಗುವುದಿಲ್ಲ.

ಕಡತದಲ್ಲಿ ಇವು ಇರಲಿ: ನೋಂದಣಿ ಪತ್ರ ಮತ್ತು ಬೈಲಾ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದಿಲ್ಲವೆಂಬ ಹೇಳಿಕೆ, ಪೂರ್ಣ ಸದಸ್ಯರು ಮತ್ತು ನಾಮಮಾತ್ರ ಸದಸ್ಯರ ಸಾಲದ ಪ್ರತ್ಯೇಕ ಪಟ್ಟಿ, ಸದಸ್ಯರಲ್ಲದವರಿಗೆ ಸಾಲ ಕೊಟ್ಟಿದ್ದರೆ ಅದರ ಲಾಭ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿ ಠೇವಣಿಯ ಮೂಲ. ಅದು ಮೀಸಲು ನಿಧಿಯಿಂದ ಹೋಯಿತೇ, ಸಾಲಕ್ಕೆ ಬೇಡಿಕೆ ಇಲ್ಲದೆ ಉಳಿದ ಹಣವೇ, ಅಥವಾ ಅಡಿಕೆ ಮಾರಿದ ಸದಸ್ಯರಿಗೆ ಕೊಡಬೇಕಾದ ಹಣವೇ? ಮೂರನೆಯದಾದರೆ ನೀವು 2010ರ ಟಿಎಸ್‌ಎಸ್ ತೀರ್ಪಿನ ಒಳಗಿದ್ದೀರಿ. ಮೊದಲೆರಡಾದರೆ ತುಮಕೂರು ತೀರ್ಪಿನ ಹತ್ತಿರ ಇದ್ದೀರಿ.

ಬಡ್ಡಿಯನ್ನು ಕೊನೆಗೂ 'ಇತರ ಮೂಲ' ಎಂದೇ ಹಿಡಿದರೆ ಒಟ್ಟು ಬಡ್ಡಿಗೆ ತೆರಿಗೆ ಕಟ್ಟಬೇಡಿ. ಅದನ್ನು ಗಳಿಸಲು ತಗುಲಿದ ಖರ್ಚಿನ ಪಾಲನ್ನು ಸೆಕ್ಷನ್ 57ರಡಿ ಕಳೆಯಬಹುದು ಎಂಬುದಕ್ಕೆ 2015ರ ಹೈಕೋರ್ಟ್ ತೀರ್ಪೊಂದಿದೆ, ಅದೂ ಟಿಎಸ್‌ಎಸ್‌ನದೇ. ಈ ಪರ್ಯಾಯ ಬೇಡಿಕೆಯನ್ನು ಮೇಲ್ಮನವಿಯಲ್ಲಿ ಬರೆಯದೆ ಬಿಡುವವರು ಬಹಳ.

ಹೆಜ್ಜೆ 3: ವಸೂಲಿ ತಡೆಯಿರಿ

ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಸೆಕ್ಷನ್ 220(6)ರಡಿ ತೆರಿಗೆ ಅಧಿಕಾರಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. 2017ರ ಜುಲೈ 31ರ ಕೇಂದ್ರ ನೇರ ತೆರಿಗೆ ಮಂಡಳಿಯ ಸೂಚನೆಯಂತೆ ಸಾಮಾನ್ಯವಾಗಿ ಬೇಡಿಕೆಯ ಶೇ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಸಿಗುತ್ತದೆ. 8 ಲಕ್ಷ ರೂ. ಬೇಡಿಕೆಗೆ 1.6 ಲಕ್ಷ. ಈ ಶೇ 20 ಕಡ್ಡಾಯದ ಮಿತಿಯಲ್ಲ, ಕಡಿಮೆ ಮೊತ್ತಕ್ಕೂ ತಡೆ ಕೊಡಬಹುದು ಎಂದು 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸುಪ್ರೀಂ ಕೋರ್ಟಿನ ತೀರ್ಪು ನೇರವಾಗಿ ನಿಮ್ಮ ಪರವಿರುವ ಅಂಶಗಳಲ್ಲಿ ಇದನ್ನು ಧೈರ್ಯವಾಗಿ ಕೇಳಿ. ತಡೆ ಸಿಗದಿದ್ದರೆ ಮುಂದಿನ ವರ್ಷದ ಮರುಪಾವತಿಯನ್ನು ಈ ಬಾಕಿಗೆ ಹೊಂದಿಸುವ ಸೆಕ್ಷನ್ 245ರ ಸೂಚನೆ ಪೋರ್ಟಲಿನಲ್ಲಿ ಬರುತ್ತದೆ. ಅದಕ್ಕೆ ಅವಧಿಯೊಳಗೆ ಆಕ್ಷೇಪ ಹಾಕಬೇಕು.

ಹೆಜ್ಜೆ 4: ಮೊದಲ ಮೇಲ್ಮನವಿಯಲ್ಲೇ ಎಲ್ಲವನ್ನೂ ಬರೆಯಿರಿ

ಮೊದಲ ಮೇಲ್ಮನವಿಯನ್ನು ನಮೂನೆ 35ರಲ್ಲಿ ಆನ್‌ಲೈನಿನಲ್ಲಿ ಸಲ್ಲಿಸಬೇಕು, ಶುಲ್ಕ ಹೆಚ್ಚೆಂದರೆ 1,000 ರೂ. ವಿಚಾರಣೆ ಮುಖಾಮುಖಿ ನಡೆಯುವುದಿಲ್ಲ, ಹೆಚ್ಚಾಗಿ ಬರಹದ ಮೇಲೆಯೇ. ಮುಂದಿನ ಮೆಟ್ಟಿಲು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ ಕಾನೂನಿನ ಪ್ರಶ್ನೆ ಇದ್ದರಷ್ಟೇ ಧಾರವಾಡದ ಹೈಕೋರ್ಟ್ ಪೀಠ.

ಸಣ್ಣ ಸೊಸೈಟಿಗೆ ಮೊದಲ ಮೆಟ್ಟಿಲು ಯಾಕೆ ನಿರ್ಣಾಯಕ ಎಂದರೆ, ಇಲಾಖೆಯ ಮೇಲ್ಮನವಿಗೆ ಮೊತ್ತದ ಮಿತಿಯಿದೆ. 2024ರ ಸೆಪ್ಟೆಂಬರ್ 17ರ ಸುತ್ತೋಲೆಯಂತೆ ವಿವಾದದ ತೆರಿಗೆ 60 ಲಕ್ಷ ಮೀರದಿದ್ದರೆ ಇಲಾಖೆ ನ್ಯಾಯಮಂಡಳಿಗೆ ಹೋಗುವುದಿಲ್ಲ, ಹೈಕೋರ್ಟಿಗೆ 2 ಕೋಟಿ, ಸುಪ್ರೀಂ ಕೋರ್ಟಿಗೆ 5 ಕೋಟಿ. ಕೆಲವು ಅಪವಾದಗಳಿವೆ, ಆದರೆ 10-12 ಲಕ್ಷದ ವಿವಾದ ನೀವು ಮೊದಲ ಮೇಲ್ಮನವಿಯಲ್ಲೇ ಗೆದ್ದರೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಈ ಮಿತಿ ಇಲಾಖೆಗೆ ಮಾತ್ರ. ನೀವು ಸೋತರೆ ಎಷ್ಟೇ ಸಣ್ಣ ಮೊತ್ತಕ್ಕೂ ಮೇಲೆ ಹೋಗಬಹುದು.

ಹೆಜ್ಜೆ 5: ಗೆದ್ದ ಮೇಲೆ ಇಲಾಖೆಯ ನಡೆ ಗುರುತಿಸಿ

ಅಮೆರಿಕದ ತೆರಿಗೆ ಇಲಾಖೆ ತಾನು ಸೋತ ಕೆಲವು ತೀರ್ಪುಗಳನ್ನು ಒಪ್ಪುತ್ತದೋ ಇಲ್ಲವೋ ಎಂದು ಬಹಿರಂಗವಾಗಿ ಪ್ರಕಟಿಸುತ್ತದೆ. ನಮ್ಮಲ್ಲಿ ಇಲಾಖೆಯ ಮನಸ್ಸನ್ನು ಅದರ ನಡೆಯಿಂದಲೇ ತಿಳಿಯಬೇಕು.

ಒಪ್ಪಿಕೊಂಡರೆ ಕೆಲವೊಮ್ಮೆ ಸುತ್ತೋಲೆ ಬರುತ್ತದೆ. ಟಿಡಿಎಸ್ ಹಿಡಿಯದ ಖರ್ಚನ್ನು ಅಮಾನ್ಯ ಮಾಡಿದರೆ ಲಾಭ ಹೆಚ್ಚುತ್ತದೆ, ಹೆಚ್ಚಿದ ಲಾಭಕ್ಕೂ ಕಡಿತ ಸಿಗುತ್ತದೆ ಎಂದು ನ್ಯಾಯಾಲಯಗಳು ಹೇಳಿದ್ದನ್ನು ನೇರ ತೆರಿಗೆ ಮಂಡಳಿ 2016ರ 37ನೇ ಸುತ್ತೋಲೆಯಲ್ಲಿ ಒಪ್ಪಿತು. ಸೊಸೈಟಿಗಳು ಇಟ್ಟುಕೊಳ್ಳಲೇಬೇಕಾದ ಕಾಗದ ಅದು.

ಮೊತ್ತ ಕಡಿಮೆಯೆಂದು ಮೇಲ್ಮನವಿ ಹಾಕದೆ ಬಿಟ್ಟರೆ ಅದು ಒಪ್ಪಿಗೆಯಲ್ಲ. ಸೆಕ್ಷನ್ 268ಎ ಪ್ರಕಾರ ಇನ್ನೊಂದು ವರ್ಷ ಅದೇ ಆಕ್ಷೇಪ ಎತ್ತಲು ಇಲಾಖೆಗೆ ಅಡ್ಡಿಯಿಲ್ಲ. ಹೋದ ವರ್ಷ ಗೆದ್ದ ಸೊಸೈಟಿಗೆ ಈ ವರ್ಷ ಮತ್ತೆ ನೋಟಿಸು ಬಂದರೆ ಯಾರೋ ಹಗೆ ಸಾಧಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಹಳೆಯ ಆದೇಶದ ಪ್ರತಿ ಲಗತ್ತಿಸಿ, ಸಂಗತಿ ಬದಲಾಗಿಲ್ಲ ಎಂದು ಬರೆಯಿರಿ.

ಅದೇ ಕಾನೂನಿನ ಪ್ರಶ್ನೆ ಮೇಲಿನ ಕೋರ್ಟಿನಲ್ಲಿ ಬಾಕಿ ಇದ್ದರೆ, 2022ರಲ್ಲಿ ಬಂದ ಸೆಕ್ಷನ್ 158ಎಬಿ ಪ್ರಕಾರ ಹಿರಿಯ ಅಧಿಕಾರಿಗಳ ಸಮಿತಿ ನಿಮ್ಮ ವಿರುದ್ಧದ ಮೇಲ್ಮನವಿಯನ್ನು ಮುಂದೂಡಬಹುದು. ಅದಕ್ಕೆ ನಿಮ್ಮ ಪ್ರಶ್ನೆಯೂ ಆ ಪ್ರಶ್ನೆಯೂ ಒಂದೇ ಎಂಬ ನಿಮ್ಮ ಒಪ್ಪಿಗೆ ಬೇಕು. ಅಂಥ ಪತ್ರ ಬಂದರೆ ಆಡಿಟರನ್ನು ಕೇಳದೆ ಸಹಿ ಹಾಕಬೇಡಿ. ಇನ್ನೊಬ್ಬರ ಪ್ರಕರಣದ ಸೋಲು ನಿಮ್ಮ ಬಾಗಿಲಿಗೂ ಬರಬಹುದು.

ಕೊನೆಯ ನಡೆ ಕಾನೂನನ್ನೇ ಬದಲಿಸುವುದು. 2012ರ ಜನವರಿಯಲ್ಲಿ ವೊಡಾಫೋನ್ ಕಂಪನಿ ಸುಪ್ರೀಂ ಕೋರ್ಟಿನಲ್ಲಿ ತನ್ನ ತೆರಿಗೆ ಪ್ರಕರಣ ಗೆದ್ದಾಗ ಸರ್ಕಾರ ಅದೇ ವರ್ಷ ಪೂರ್ವಾನ್ವಯ ತಿದ್ದುಪಡಿ ತಂದಿತು, 2021ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಆದ್ದರಿಂದ ಪ್ರತಿ ಬಜೆಟ್ಟಿನ ನಂತರ ಈ ಕಡಿತದ ನಿಯಮದಲ್ಲಿ ಬದಲಾವಣೆ ಆಗಿದೆಯೇ ಎಂದು ಆಡಿಟರಲ್ಲಿ ಕೇಳಿ.

"ಆದೇಶವನ್ನು ನಾವು ಒಪ್ಪಿಲ್ಲ, ಮೇಲ್ಮನವಿ ಹಾಕುತ್ತೇವೆ, ಹಾಗಾಗಿ ಜಾರಿ ಮಾಡುವುದಿಲ್ಲ" ಎಂಬ ಮಾತಿಗೆ ಮಾತ್ರ ಮಣಿಯಬೇಡಿ. ಮೇಲಿನ ಪ್ರಾಧಿಕಾರದ ಆದೇಶಕ್ಕೆ ತಡೆಯಾಜ್ಞೆ ಇಲ್ಲದಿದ್ದರೆ ಕೆಳಗಿನ ಅಧಿಕಾರಿ ಅದನ್ನು ಪಾಲಿಸಲೇಬೇಕು ಎಂದು 1991ರಲ್ಲೇ ಕಮಲಾಕ್ಷಿ ಫೈನಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಟುವಾಗಿ ಹೇಳಿದೆ.

ಹೆಜ್ಜೆ 6: ಹಣ ವಾಪಸ್ ತರಿಸಿ

ಮೇಲ್ಮನವಿ ಆದೇಶದ ಪ್ರತಿಯೊಂದಿಗೆ ಅದನ್ನು ಜಾರಿಗೊಳಿಸುವಂತೆ ತೆರಿಗೆ ಅಧಿಕಾರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಹೊಸ ಪರಿಶೀಲನೆ ಬೇಕಿಲ್ಲದ ಆದೇಶವನ್ನು ಅದು ಪ್ರಧಾನ ಆಯುಕ್ತರಿಗೆ ತಲುಪಿದ ತಿಂಗಳ ಕೊನೆಯಿಂದ 3 ತಿಂಗಳಲ್ಲಿ ಜಾರಿಗೊಳಿಸಬೇಕು, ಕಾರಣ ದಾಖಲಿಸಿದರೆ ಇನ್ನು 6 ತಿಂಗಳು ಸಿಗುತ್ತದೆ. ಕಟ್ಟಿದ ತೆರಿಗೆ ಮರಳುವಾಗ ತಿಂಗಳಿಗೆ ಶೇ 0.5 ಬಡ್ಡಿ. 5 ಲಕ್ಷ ರೂ. 24 ತಿಂಗಳು ಇಲಾಖೆಯಲ್ಲಿದ್ದರೆ 60,000 ರೂ. ಜಾರಿಯ ಗಡುವು ಮೀರಿದರೆ ಸೆಕ್ಷನ್ 244ಎ(1ಎ) ಪ್ರಕಾರ ವರ್ಷಕ್ಕೆ ಶೇ 3 ಹೆಚ್ಚುವರಿ. ಬಡ್ಡಿ ಕೇಳಲು ಸಂಕೋಚ ಬೇಡ, ಅದು ಅಡಿಕೆ ತೋಟದ, ಗದ್ದೆಯ ಸದಸ್ಯರ ದುಡ್ಡು. ಗಡುವು ಮೀರಿಯೂ ಉತ್ತರವಿಲ್ಲದಿದ್ದರೆ ಪೋರ್ಟಲಿನ ಇ-ನಿವಾರಣ್‌ನಲ್ಲಿ ದೂರು ದಾಖಲಿಸಿ.

ಹೆಜ್ಜೆ 7: ಕೈಬಿಟ್ಟ ಹಳೆಯ ವರ್ಷಗಳು

ಸುಪ್ರೀಂ ಕೋರ್ಟಿನ ನಂತರದ ತೀರ್ಪಿಗೆ ವಿರುದ್ಧವಾದ ಹಳೆಯ ಆದೇಶ ಮೇಲ್ನೋಟಕ್ಕೇ ಕಾಣುವ ತಪ್ಪು, ಅದನ್ನು ಸೆಕ್ಷನ್ 154ರಲ್ಲಿ ತಿದ್ದಬಹುದು ಎಂದು ಮಂಡಳಿ 1971ರ 68ನೇ ಸುತ್ತೋಲೆಯಲ್ಲೇ ಹೇಳಿದೆ. ಅವಧಿ, ಆದೇಶವಾದ ಆರ್ಥಿಕ ವರ್ಷ ಮುಗಿದ ಮೇಲೆ 4 ವರ್ಷ.

ರಿಟರ್ನ್ ತಡವಾದ ಕಾರಣಕ್ಕೆ ಕಡಿತ ತಪ್ಪಿದ್ದರೆ ತೀರ್ಪು ಹುಡುಕಬೇಡಿ. 2018-19ರ ತೆರಿಗೆ ನಿರ್ಧಾರಣ ವರ್ಷದಿಂದ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರಷ್ಟೇ 80ಪಿ. ಆದರೆ ರಾಜ್ಯ ಕಾಯ್ದೆಯ ಲೆಕ್ಕಪರಿಶೋಧನೆ ತಡವಾಗಿ ರಿಟರ್ನ್ ತಡವಾದ ಸಂಘಗಳ ಅರ್ಜಿ ಪರಿಗಣಿಸಲು 2023ರ ಜುಲೈ 26ರ 13ನೇ ಸುತ್ತೋಲೆ ಮುಖ್ಯ ಆಯುಕ್ತರಿಗೆ ಅಧಿಕಾರ ಕೊಟ್ಟಿತು, 2022-23ರ ನಿರ್ಧಾರಣ ವರ್ಷದವರೆಗೆ. ಮರು ವರ್ಷದ ಸುತ್ತೋಲೆ ಇದನ್ನು 2023-24ಕ್ಕೂ ವಿಸ್ತರಿಸಿತು. ಅರ್ಜಿಯ ಜೊತೆ ಆಡಿಟರ್ ನೇಮಕವಾದ ದಿನ, ವರದಿ ಕೈಸೇರಿದ ದಿನ, ರಿಟರ್ನ್ ಸಲ್ಲಿಸಿದ ದಿನ ತೋರಿಸುವ ದಾಖಲೆ ಇಡಿ.

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಳೆಯ ವರ್ಷಗಳ ವ್ಯಾಜ್ಯ 1961ರ ಕಾಯ್ದೆಯಡಿಯೇ ನಡೆಯುವುದರಿಂದ ಆ ವರ್ಷಗಳ ಅರ್ಜಿಯಲ್ಲಿ 80ಪಿ ಎಂದೇ ಬರೆಯಿರಿ, ನಿರ್ಧಾರಣ ವರ್ಷವನ್ನು ಪ್ರತಿ ಪುಟದ ತಲೆಯಲ್ಲಿ ನಮೂದಿಸಿ.