ಅಂಗಡಿ ತೆರೆಯುವ ವೇಳೆ: ‘ಪಾವಣೇ ದಹಾ’ ಎಂದರೆ ಎಷ್ಟು ಗಂಟೆ?

ಉಮರ್ಗಾ, ನಿಲಂಗಾ ಹಾಗೂ ಉದಗೀರ ತಾಲೂಕುಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಗಡಿಯಾರವನ್ನು ತರಗತಿಯಲ್ಲಿ ಕನ್ನಡದಲ್ಲಿ ಕಲಿಯುತ್ತಾನೆ, ಪೇಟೆಯಲ್ಲಿ ಮರಾಠಿಯಲ್ಲಿ ಬಳಸುತ್ತಾನೆ. ಅಂಗಡಿಯ ಫಲಕದಲ್ಲಿ ‘ಸಕಾಳೀ 9.45 ತೇ ರಾತ್ರೀ 8’ ಎಂದಿದ್ದರೆ ಅವನಿಗೆ ತೊಡಕಿಲ್ಲ. ಅಂಕಿಗಳೇ ದಾರಿ ತೋರಿಸುತ್ತವೆ. ತೊಡಕು ಹುಟ್ಟುವುದು ಬಾಯಿಮಾತಿನಲ್ಲಿ. ಔಷಧದಂಗಡಿಯವರು ‘ಪಾವಣೇ ದಹಾಲಾ’ ಬಾ ಎಂದರೆ 9.45ಕ್ಕೆ ಬರಬೇಕು. ಆ ಮಾತನ್ನು ಮಗು ಮನೆಯಲ್ಲಿ ‘ಹತ್ತೂ ಮುಕ್ಕಾಲಿಗೆ’ ಎಂದು ತಿಳಿಸಿದರೆ ಅಜ್ಜಿಯ ಔಷಧವು ಒಂದು ಗಂಟೆ ತಡವಾಗುತ್ತದೆ.

ಇದನ್ನು ಲೆಕ್ಕದ ದೌರ್ಬಲ್ಯವೆಂದು ಶಿಕ್ಷಕರು ತೀರ್ಮಾನಿಸಬಾರದು. ಕನ್ನಡವು ಕಳೆದ ಗಂಟೆಯನ್ನು ಹಿಡಿದು ಅದರ ಮೇಲೆ ಕೂಡಿಸುತ್ತದೆ: ಒಂಬತ್ತೂ ಕಾಲು, ಒಂಬತ್ತೂವರೆ, ಒಂಬತ್ತೂ ಮುಕ್ಕಾಲು. ಮೂರರಲ್ಲಿಯೂ ಕೇಳಿಸುವುದು ಒಂಬತ್ತೇ. ಮರಾಠಿಯ ‘ಸವ್ವಾ ನಊ’, ‘ಸಾಡೇ ನಊ’ ಕೂಡ ಹಾಗೆಯೇ ಕೂಡಿಸುತ್ತವೆ. ‘ಪಾವಣೇ’ ಮಾತ್ರ ಬರಲಿರುವ ಗಂಟೆಯನ್ನು ಹೆಸರಿಸಿ ಅದರಿಂದ ಕಾಲು ಭಾಗ ಕಳೆಯುತ್ತದೆ. 1.30ಕ್ಕೆ ‘ದೀಡ’, 2.30ಕ್ಕೆ ‘ಅಡೀಚ’ ಎಂಬ ಬೇರೆ ಪದಗಳೇ ಇವೆ. ಬರೀ ‘ಪಾಊಣ’ ಎಂದರೆ 12.45, ಇಲ್ಲಿ ಗಂಟೆಯ ಹೆಸರೇ ಬರುವುದಿಲ್ಲವಾದ್ದರಿಂದ ಇದು ಎಲ್ಲಕ್ಕಿಂತ ಕಠಿಣ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶದಲ್ಲಿ ಕೇಳಿಬರುವ ಉರ್ದುವಿನ ‘ಪೌನೇ ದಸ್’ ಸಹ ಇದೇ ಜಾಡಿನದು. ಹೀಗಾಗಿ ಮಗುವಿನ ಕಿವಿಗೆ ಕಳೆಯುವ ಕ್ರಮವೇನೂ ಹೊಸದಲ್ಲ. ಅದನ್ನು ಕನ್ನಡಕ್ಕೆ ದಾಟಿಸುವ ಸೇತುವೆ ಬೇಕಾಗಿದೆ. ಆ ಸೇತುವೆ ಕನ್ನಡದಲ್ಲಿಯೇ ಇದೆ: ‘ಹತ್ತಕ್ಕೆ ಇನ್ನೂ ಹದಿನೈದು ನಿಮಿಷ ಇದೆ.’

ಮೇಲಿನ ತರಗತಿಗಳಲ್ಲಿ ಅನ್ಯದೇಶಗಳ ರೂಢಿಯನ್ನೂ ತಿಳಿಸಬಹುದು. ಜರ್ಮನಿಯಲ್ಲಿ ಅಂಗಡಿಯು ‘ಹಾಲ್ಬ್ ತ್ಸೇನ್’ಗೆ, ಅಂದರೆ ‘ಅರ್ಧ ಹತ್ತಕ್ಕೆ’ ತೆರೆಯುತ್ತದೆಂದರೆ ಅದು 9.30, ಹತ್ತನೆಯ ಗಂಟೆಯ ಅರ್ಧ ಕಳೆದಿದೆ ಎಂಬ ಭಾವ. ಬ್ರಿಟನ್ನಿನ ಆಡುಮಾತಿನಲ್ಲಿ ‘ಹಾಫ್ ಟೆನ್’ ಎಂದರೆ 10.30. ಪದಗಳು ಒಂದೇ, ಅಂತರ ಒಂದು ಗಂಟೆ! ಪೂರ್ವ ಆಫ್ರಿಕದ ಸ್ವಾಹಿಲಿ ಭಾಷಿಕರು ಹಗಲಿನ ಗಂಟೆಗಳನ್ನು ಬೆಳಗಿನ ಆರರಿಂದ ಎಣಿಸುವುದರಿಂದ ಅವರ ‘ಸಾ ತಾತು’, ಅಂದರೆ ಮೂರನೆಯ ಗಂಟೆ, ನಮ್ಮ ಬೆಳಗಿನ ಒಂಬತ್ತು. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗವನ್ನು ಕಂಡ ಮನೆಯವರಿಗೆ ಇದು ವಿಚಿತ್ರವೆನಿಸದು.

ಬೋಧನೆಗೆ ಕರಿಹಲಗೆಯ ಮೇಲೆ 9ರಿಂದ 11ರವರೆಗೆ ಒಂದು ಗೆರೆ ಸಾಕು. ಪ್ರತಿ ಗಂಟೆಯನ್ನೂ ನಾಲ್ಕು ಭಾಗ ಮಾಡಬೇಕು. ಶಿಕ್ಷಕರು ‘ಪಾವಣೇ ದಹಾ’ ಎಂದಾಗ ವಿದ್ಯಾರ್ಥಿಯು ಮೊದಲು ಹತ್ತರ ಮೇಲೆ ಬೆರಳಿಟ್ಟು, ಒಂದು ಮನೆ ಹಿಂದೆ ಸರಿದು, ನಿಂತ ಸ್ಥಳವನ್ನು ಕನ್ನಡದಲ್ಲಿ ಓದಬೇಕು. ಅಂಕಿ ಬರೆಯುವುದು ಆಮೇಲೆ. ಮಗು ‘ಬೆಳಿಗ್ಗೆ’ ಎನ್ನದೆ ‘ಮುಂಜಾನೆ’ ಎಂದರೆ ತಿದ್ದುವ ಅಗತ್ಯವಿಲ್ಲ. ಅದೂ ಶುದ್ಧ ಕನ್ನಡವೇ. ಆದರೆ ‘ತೇ’ ಎಂಬುದರ ಸ್ಥಾನದಲ್ಲಿ ‘ಒಂಬತ್ತರಿಂದ ಎಂಟರವರೆಗೆ’ ಎಂಬ ರೂಪವನ್ನು ಪೂರ್ಣವಾಗಿ ಬರೆಯಿಸಬೇಕು. ವಿಭಕ್ತಿ ಪಾಠಕ್ಕೂ ಇದು ಒದಗುತ್ತದೆ.

ಮೌಲ್ಯಮಾಪನ: ವಿದ್ಯಾರ್ಥಿಯು ತನ್ನ ಊರಿನ ಮೂರು ಅಂಗಡಿಗಳ ವೇಳೆಯನ್ನು ಮರಾಠಿಯಲ್ಲಿ ಕೇಳಿ ಬಂದು, ಕನ್ನಡ ವಾಕ್ಯದಲ್ಲಿಯೂ ಅಂಕಿಯಲ್ಲಿಯೂ ಬರೆಯಲಿ. ಒಂದು ಗಂಟೆಯ ವ್ಯತ್ಯಾಸ ಕಂಡುಬಂದಲ್ಲಿ ಅಂಕ ಕಳೆಯುವ ಮುನ್ನ, ಅವನು ಕೇಳಿದ ಮರಾಠಿ ಮಾತನ್ನು ಇದ್ದಂತೆಯೇ ಹೇಳಿಸಬೇಕು.