ಯಾವ ಗುಡ್ಡದ ಕಾಫಿ?

ಬಸವನಗುಡಿಯ ಗಾಂಧಿಬಜಾರಿನ ಕಾಫಿಪುಡಿ ಅಂಗಡಿಯಲ್ಲಿ ಅರ್ಧ ಗಂಟೆ ನಿಂತಿದ್ದೆ. ಬಂದವರು ಕೇಳೋದು ಎರಡೇ ಮಾತು: ಪೀಬೆರಿಯೋ ಪ್ಲಾಂಟೇಶನ್ನೋ, ಚಿಕೋರಿ ಎಷ್ಟು? ಯಾವ ಗುಡ್ಡದ ಬೀಜ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ. ‘ಚಿಕ್ಕಮಗಳೂರು ಕಡೇದು’ ಅಂದರು, ಅಷ್ಟೆ. ನಾನು ಬೆಳೆಯೋದು ರಾಗಿ. ಮಂಡಿಗೆ ಹೋದ ಮೇಲೆ ಅದರ ಗತಿಯೂ ಇದೇ.

ಹಿಂದೆ ಕಾಫಿಯವರಿಗೆ ಬೇರೆ ದಾರಿಯೇ ಇರಲಿಲ್ಲ. 1942ರ ಕಾಯ್ದೆಯಂತೆ ಬೆಳೆದದ್ದು ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು. ಯಾರ ತೋಟದ್ದೆಂಬ ಗುರುತು ಅಲ್ಲಿಗೆ ಮುಗೀತು. 1990ರ ನಂತರ ಸ್ವಲ್ಪಸ್ವಲ್ಪವೇ ಸಡಿಲಿಸಿ 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ ಜಿಐ ಗುರುತೂ ಸಿಕ್ಕಿತು.

ಆದರೂ ಎರಡೆಕರೆಯವನ ಬೀಜ ವ್ಯಾಪಾರಿಯ ಗೋದಾಮಿನಲ್ಲಿ ಹತ್ತು ಜನರದ್ದಕ್ಕೆ ಬೆರೆತರೆ ಮತ್ತೆ ಅದೇ ಕಥೆ. ಒಂದು ಗುಡ್ಡದ ನಾಲ್ಕಾರು ಮನೆಯವರು ಕೂಡಿ ಕೆಂಪು ಹಣ್ಣನ್ನೇ ಕುಯ್ದು, ಒಂದೇ ರೀತಿ ಪಲ್ಪ್ ಮಾಡಿ, ಬೇರೆಯಾಗಿ ಒಣಗಿಸಿ, ಚೀಲದ ಮೇಲೆ ಊರು, ಕುಯ್ದ ತಿಂಗಳು ಬರೆಯಬೇಕು. ಮಾರುವ ಮೊದಲು ಒಂದು ಹಿಡಿ ಹುರಿದು, ಚಿಕೋರಿ ಇಲ್ಲದೆ ಕುಡಿದು ನೋಡಬೇಕು. ನೂರಕ್ಕೆ 49ರವರೆಗೆ ಚಿಕೋರಿ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ. ಅಷ್ಟು ಬಿದ್ದರೆ ಯಾವ ಗುಡ್ಡದ ರುಚಿ ಉಳಿದೀತು? ನಾನು ತಂದ ಪೊಟ್ಟಣದ ಮೇಲೆ ಅಂಗಡಿಯ ಹೆಸರಷ್ಟೇ ಇದೆ.